ಹಸಿರೆಲೆ ಇದ್ದೂ ಹಂಗಿನ ಬಾಳು: ಅರೆಪರಾವಲಂಬಿಗಳನ್ನು ಅರಿಯುವ ಬಗೆ

ಬೇಸಿಗೆಯಲ್ಲಿ ಎಲೆಯುದುರಿಸಿ ಬೋಳಾಗಿ ನಿಂತ ಮರದ ಕೊಂಬೆಯೊಂದರ ಮೇಲೆ ಒಂದು ಪೊದೆ ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಬಹುಮಟ್ಟಿಗೆ ಬದನಿಕೆಯೇ ಆಗಿರುತ್ತದೆ. ಬಂದಳಿಕೆ ಎಂದೂ ಕರೆಸಿಕೊಳ್ಳುವ ಈ ಗಿಡಕ್ಕೆ ನೆಲದ ಸಂಪರ್ಕವೇ ಇಲ್ಲ; ಅದು ಮೊಳೆಯುವುದು, ಬೆಳೆಯುವುದು, ಹೂಬಿಟ್ಟು ಹಣ್ಣಾಗುವುದು ಎಲ್ಲವೂ ಇನ್ನೊಂದು ಮರದ ಮೈಮೇಲೆಯೇ. ಅದು ಪರಾವಲಂಬಿ ಎಂಬುದನ್ನು ನಾವು ಶಾಲೆಯ ದಿನಗಳಲ್ಲೇ ಓದಿರುತ್ತೇವೆ. ಆದರೆ ಬೇಕಾದುದನ್ನೆಲ್ಲ ಪರರಿಂದಲೇ ಪಡೆಯುವ ಗಿಡಕ್ಕೆ ಅಷ್ಟೊಂದು ಹಸಿರೆಲೆ ಏಕೆ ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಎಲೆ ಕಟ್ಟುವುದೆಂದರೆ ಖರ್ಚಿನ ಕೆಲಸ. ಉಪಯೋಗವಿಲ್ಲದ ಎಲೆಯನ್ನು ಯಾವ ಗಿಡವೂ ಬಹುಕಾಲ ಇಟ್ಟುಕೊಳ್ಳುವುದಿಲ್ಲ.

ಬದನಿಕೆ ತನ್ನ ಸಕ್ಕರೆಯನ್ನು ತಾನೇ ತಯಾರಿಸಿಕೊಳ್ಳುತ್ತದೆ, ನೀರು ಮತ್ತು ಖನಿಜಗಳನ್ನು ಮಾತ್ರ ಕದಿಯುತ್ತದೆ ಎಂಬುದು ಈ ಪ್ರಶ್ನೆಗೆ ಪಠ್ಯಪುಸ್ತಕದ ಉತ್ತರ. ಇಂಥ ಸಸ್ಯಗಳನ್ನು ಅರೆಪರಾವಲಂಬಿಗಳೆಂದು ಕರೆಯುತ್ತಾರೆ. ಉತ್ತರ ತಪ್ಪಲ್ಲ, ಆದರೆ ಅದರಲ್ಲಿರುವ ‘ಅರೆ’ ಎಂಬ ಪುಟ್ಟ ಪದ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲದಲ್ಲಿ ತುಂಬಿಬಿಡುತ್ತದೆ. ಪಡೆಯುವ ವಸ್ತುವಿನಲ್ಲಿ ಅರೆ ಎಂಬುದು ಒಂದರ್ಥ. ಪರಾವಲಂಬನೆ ಅನಿವಾರ್ಯವೋ ಐಚ್ಛಿಕವೋ ಎಂಬುದರಲ್ಲಿ ಅರೆ ಎಂಬುದು ಇನ್ನೊಂದು. ಬದುಕಿನ ಒಂದು ಭಾಗ ಮಾತ್ರ ಪರಾವಲಂಬನೆಯಲ್ಲಿ ಕಳೆಯುತ್ತದೆ ಎಂಬುದು ಮತ್ತೊಂದು. ಒಂದೇ ಜೀವಿ ಒಂದರ್ಥದಲ್ಲಿ ಅರೆಯಾಗಿದ್ದು ಇನ್ನೊಂದರ್ಥದಲ್ಲಿ ಪೂರ್ಣ ಪರಾವಲಂಬಿಯಾಗಿರಬಹುದು. ಈ ವಿಷಯದಲ್ಲಿ ಉಂಟಾಗುವ ಗೊಂದಲದ ಬಹುಪಾಲು ಈ ಮೂರನ್ನು ಬೆರೆಸುವುದರಿಂದಲೇ ಹುಟ್ಟುತ್ತದೆ.

ಮೊದಲು ವಸ್ತುವಿನ ಮಾತು. ಹೂಬಿಡುವ ಸಸ್ಯಗಳಲ್ಲಿ ಶೇಕಡಾ ಒಂದರಷ್ಟು, ಅಂದರೆ 4,500ಕ್ಕೂ ಹೆಚ್ಚು ಪ್ರಭೇದಗಳು ಪರಾವಲಂಬಿಗಳು. ಅವುಗಳಲ್ಲಿ ಬಹುಪಾಲು ಹಸಿರಾಗಿಯೇ ಇವೆ. ಇವೆಲ್ಲವನ್ನೂ ಒಂದುಗೂಡಿಸುವ ಅಂಗವೆಂದರೆ ಹೀರುಬೇರು. ಆತಿಥೇಯ ಸಸ್ಯದ, ಅಂದರೆ ಪರಾವಲಂಬಿಗೆ ಆಸರೆಯಾದ ಸಸ್ಯದ, ಕಾಂಡವನ್ನೋ ಬೇರನ್ನೋ ಮುಟ್ಟಿದ ಜಾಗದಲ್ಲಿ ಪರಾವಲಂಬಿಯ ಅಂಗಾಂಶ ಗಂಟಿನಂತೆ ಉಬ್ಬಿ, ಅಂಟಿಕೊಂಡು, ಕಿಣ್ವಗಳ ಮತ್ತು ಒತ್ತಡದ ನೆರವಿನಿಂದ ಒಳಹೊಕ್ಕು, ಕೊನೆಗೆ ನೀರು ಸಾಗಿಸುವ ನಾಳಗಳಾದ ಕ್ಸೈಲಂ ಅನ್ನು ತಲುಪುತ್ತದೆ. ಇಷ್ಟಾದರೆ ಎರಡು ಸಸ್ಯಗಳ ಕೊಳವೆಗಳು ಜೋಡಣೆಯಾದಂತೆ. ಆದರೆ ಕೊಳವೆ ಜೋಡಿಸಿದ ಮಾತ್ರಕ್ಕೆ ನೀರು ತಾನಾಗಿ ಹರಿದು ಬರುವುದಿಲ್ಲ. ಹರಿವು ತನ್ನ ಕಡೆಗೆ ತಿರುಗುವಂತೆ ಪರಾವಲಂಬಿ ಮಾಡಬೇಕು.

ಇಲ್ಲಿ ಎಲೆಗಳ ಪಾತ್ರ ಬರುತ್ತದೆ. ಗಿಡದೊಳಗೆ ನೀರನ್ನು ಮೇಲಕ್ಕೆಳೆಯುವುದು ಬಹುಮಟ್ಟಿಗೆ ಎಲೆಯ ಮೇಲಿನ ಸೂಕ್ಷ್ಮ ಪತ್ರರಂಧ್ರಗಳಿಂದ ನೀರು ಆವಿಯಾಗುವ ಕ್ರಿಯೆ. ಆತಿಥೇಯ ಮರದ ಎಲೆಗಿಂತ ಬದನಿಕೆಯ ಎಲೆ ಹೆಚ್ಚು ಜೋರಾಗಿ ಆವಿ ಹೊರಹಾಕಿದರೆ ಸೆಳೆತ ಬದನಿಕೆಯ ಕಡೆಗಿರುತ್ತದೆ. ಆದ್ದರಿಂದಲೇ ಅರೆಪರಾವಲಂಬಿ ಸಸ್ಯಗಳು ನೀರನ್ನು ದುಂದುಗಾರರಂತೆ ಖರ್ಚು ಮಾಡುತ್ತವೆ. ಬರಗಾಲದಲ್ಲಿ ಆತಿಥೇಯ ಸಸ್ಯ ತನ್ನ ಪತ್ರರಂಧ್ರಗಳನ್ನು ಮುಚ್ಚಿ ನೀರನ್ನು ಹಿಡಿದಿಟ್ಟುಕೊಳ್ಳಲು ಹೆಣಗುತ್ತಿರುವಾಗಲೂ ಇವುಗಳ ಪತ್ರರಂಧ್ರಗಳು ತೆರೆದೇ ಇರುತ್ತವೆ. ಕೆಲವು ಪ್ರಭೇದಗಳಲ್ಲಿ ರಾತ್ರಿಯಲ್ಲೂ ಮುಚ್ಚುವುದಿಲ್ಲ. ಜೊತೆಗೆ ಪೊಟ್ಯಾಸಿಯಂ ಲವಣಗಳನ್ನೂ ಮ್ಯಾನಿಟಾಲ್‌ನಂಥ ಸಕ್ಕರೆ ಮದ್ಯಸಾರಗಳನ್ನೂ ತಮ್ಮ ಜೀವಕೋಶಗಳಲ್ಲಿ ಕೂಡಿಟ್ಟುಕೊಂಡು ರಸವನ್ನು ಗಾಢವಾಗಿಸಿ ನೀರನ್ನು ಇನ್ನಷ್ಟು ಸೆಳೆಯುತ್ತವೆ. ಹೀಗೆ ನೋಡಿದರೆ ಬದನಿಕೆಯ ಎಲೆ ಅಡುಗೆಮನೆಯಷ್ಟೇ ಅಲ್ಲ, ನೀರೆತ್ತುವ ಪಂಪೂ ಹೌದು. ಇಷ್ಟೊಂದು ನೀರು ನಿಜವಾಗಿ ಬೇಕೇ ಎಂಬ ಪ್ರಶ್ನೆಗೆ ಒಂದು ಸೊಗಸಾದ ವಿವರಣೆಯಿದೆ: ಕ್ಸೈಲಂ ರಸದಲ್ಲಿ ಸಾರಜನಕ ಬಹಳ ತೆಳುವಾಗಿ ಕರಗಿರುವುದರಿಂದ ಸಾಕಷ್ಟು ಸಾರಜನಕ ಸಿಗಬೇಕಾದರೆ ರಸವನ್ನು ಭಾರಿ ಪ್ರಮಾಣದಲ್ಲಿ ಹೀರಿ, ನೀರನ್ನು ಗಾಳಿಗೆ ಬಿಟ್ಟು, ಉಳಿದದ್ದನ್ನು ಸೋಸಿಟ್ಟುಕೊಳ್ಳಬೇಕಾಗುತ್ತದೆ.

ಕ್ಸೈಲಂ ರಸದಲ್ಲಿ ಬರುವ ಆ ಸಾರಜನಕ ಬರಿಯ ಖನಿಜವಲ್ಲ. ಅದರ ಒಂದು ಪಾಲು ಅಮೈನೋ ಆಮ್ಲಗಳ ರೂಪದಲ್ಲಿರುತ್ತದೆ, ಅಮೈನೋ ಆಮ್ಲವೆಂದರೆ ಅದರೊಡನೆ ಇಂಗಾಲವೂ ಇರುತ್ತದೆ. ಸಾವಯವ ಆಮ್ಲಗಳೂ ಆ ರಸದಲ್ಲಿವೆ. ಹಾಗಾಗಿ ‘ನೀರು, ಖನಿಜ ಮಾತ್ರ’ ಎಂಬ ಪಠ್ಯಪುಸ್ತಕದ ಗೆರೆ ಅಳಿಸಿಹೋಗುತ್ತದೆ. ಜೋಳದ ಬೇರಿಗಂಟುವ ಸ್ಟ್ರೈಗಾ ಎಂಬ ಹಸಿರು ಕಳೆ ತನ್ನ ಇಂಗಾಲದ ಸುಮಾರು ಮೂರನೆಯ ಒಂದು ಪಾಲನ್ನು ಜೋಳದಿಂದಲೇ ಪಡೆಯುತ್ತದೆ ಎಂದು ಅಳೆದು ನೋಡಿದ್ದಾರೆ. ಬದನಿಕೆಗಳಲ್ಲಿ ಈ ಪ್ರಮಾಣ ಪ್ರಭೇದದಿಂದ ಪ್ರಭೇದಕ್ಕೆ, ಮರದಿಂದ ಮರಕ್ಕೆ ಬಹಳ ಏರಿಳಿಯುತ್ತದೆ. ಯೂರೋಪಿನ ಬದನಿಕೆಯಾದ ವಿಸ್ಕಮ್ ಆಲ್ಬಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಆಹಾರದಿಂದ ಶಕ್ತಿ ಬಿಡಿಸುವ ಮೈಟೋಕಾಂಡ್ರಿಯದ ಉಸಿರಾಟ ಸರಪಳಿಯಲ್ಲಿ ‘ಕಾಂಪ್ಲೆಕ್ಸ್ ಒಂದು’ ಎಂಬ ಮೊದಲ ಕೊಂಡಿ ಬಹುಕೋಶೀಯ ಜೀವಿಗಳಿಗೆಲ್ಲ ಅತ್ಯಗತ್ಯವೆಂದೇ ನಂಬಲಾಗಿತ್ತು. ಈ ಬದನಿಕೆಯಲ್ಲಿ ಅದು ಇಲ್ಲವೇ ಇಲ್ಲ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ನೋಡಲು ಹಚ್ಚಗೆ, ಸ್ವಾವಲಂಬಿಯಂತೆ ಕಾಣುವ ಗಿಡವೊಂದು ಒಳಗಿನ ಯಂತ್ರದ ಇಷ್ಟು ದೊಡ್ಡ ಭಾಗವನ್ನು ಕಳಚಿಟ್ಟಿರುವುದು ನನಗೆ ಈ ಇಡೀ ವಿಷಯದಲ್ಲೇ ಅತ್ಯಂತ ಅಚ್ಚರಿಯ ಸಂಗತಿ ಎನಿಸಿದೆ.

ಬದನಿಕೆ ಕಣ್ಣೆದುರಿಗೇ ಕಾಣುತ್ತದೆ. ಬೇರಿಗಂಟುವ ಅರೆಪರಾವಲಂಬಿಗಳ ವ್ಯವಹಾರವೆಲ್ಲ ನೆಲದಡಿಯಲ್ಲಿ. ಶ್ರೀಗಂಧ ಇದಕ್ಕೆ ಪ್ರಸಿದ್ಧ ಉದಾಹರಣೆ. ಮರವಾಗಿ ನಿಂತ ಶ್ರೀಗಂಧದಲ್ಲಿ ಪರಾವಲಂಬಿತ್ವದ ಯಾವ ಗುರುತೂ ಹೊರಗೆ ಕಾಣಿಸುವುದಿಲ್ಲ, ಆದರೆ ಅದರ ಬೇರುಗಳು ಸುತ್ತಲಿನ ಗಿಡಮರಗಳ ಬೇರುಗಳನ್ನು ಹುಡುಕಿ ಹೀರುಬೇರುಗಳನ್ನು ಹೂಡಿರುತ್ತವೆ. ಅದರ ಆತಿಥೇಯಗಳ ಪಟ್ಟಿ ಮುನ್ನೂರನ್ನು ಮೀರುತ್ತದೆ, ಹುಲ್ಲಿನಿಂದ ಹಿಡಿದು ಹೆಮ್ಮರಗಳವರೆಗೆ. ಎಲ್ಲ ಆತಿಥೇಯಗಳೂ ಸಮಾನವಲ್ಲ. ಬೇರುಗಂಟುಗಳಲ್ಲಿ ಸಾರಜನಕವನ್ನು ಸ್ಥಿರೀಕರಿಸುವ ದ್ವಿದಳ ಜಾತಿಯ ಗಿಡಗಳು ಸಿಕ್ಕಿದರೆ ಶ್ರೀಗಂಧ ಹೆಚ್ಚು ಚೆನ್ನಾಗಿ ಬೆಳೆಯುತ್ತದೆ, ಏಕೆಂದರೆ ಅಲ್ಲಿ ಹೀರುವ ರಸವೇ ಶ್ರೀಮಂತವಾದದ್ದು. ಬೀಜದಲ್ಲಿರುವ ಸಂಗ್ರಹದ ಬಲದಿಂದ ಸಸಿ ಕೆಲವು ತಿಂಗಳು ಒಂಟಿಯಾಗಿ ಬದುಕಬಲ್ಲದು, ಆಮೇಲೆ ಎಲೆಗಳು ಹಳದಿಗಟ್ಟಿ ಬೆಳವಣಿಗೆ ನಿಂತುಬಿಡುತ್ತದೆ. ಹೀಗಾಗಿ ಶ್ರೀಗಂಧ ಬೆಳೆಸುವವರು ಸಸಿಯ ಚೀಲದಲ್ಲೇ ಹೊನಗೊನ್ನೆಯಂಥ ಸಣ್ಣ ಗಿಡವೊಂದನ್ನು ಜೊತೆಗೆ ನೆಟ್ಟು, ಹೊಲಕ್ಕಿಳಿಸಿದಾಗ ತೊಗರಿಯಂಥದ್ದನ್ನು ಕೊಟ್ಟು, ಮುಂದಿನ ವರ್ಷಗಳಿಗಾಗಿ ಸರ್ವೆಯಂಥ ಮರವನ್ನು ಪಕ್ಕದಲ್ಲಿ ಬೆಳೆಸುತ್ತಾರೆ.

ಬೇರನ್ನು ಹುಡುಕುವ ಈ ಕೆಲಸದಲ್ಲಿ ಎಡವಟ್ಟುಗಳೂ ಆಗುತ್ತವೆ. ಪಶ್ಚಿಮ ಆಸ್ಟ್ರೇಲಿಯದ ನುಯಿಟ್ಸಿಯಾ ಎಂಬ ಮರ ಬದನಿಕೆಗಳ ದೂರದ ನೆಂಟ, ಆದರೆ ನೆಲದಲ್ಲಿ ಬೇರೂರಿ ನಿಲ್ಲುತ್ತದೆ. ಅದರ ಹೀರುಬೇರು ಆತಿಥೇಯದ ಬೇರನ್ನು ಉಂಗುರದಂತೆ ಸುತ್ತುವರಿದು ಒಳಗಿನಿಂದ ಗಟ್ಟಿ ಮರದ ಅಲಗೊಂದನ್ನು ಹೊರಚಾಚಿ ಕತ್ತರಿಸುತ್ತದೆ. ನೆಲದಡಿ ಹೂತಿಟ್ಟ ತಂತಿಗಳನ್ನೂ ಅದು ಬೇರೆಂದು ಭಾವಿಸಿ ಕತ್ತರಿಸಿರುವುದು ದಾಖಲಾಗಿದೆ.

ಇನ್ನು ಅನಿವಾರ್ಯತೆಯ ಪ್ರಶ್ನೆ. ಇದನ್ನು ಅರ್ಥಮಾಡಿಕೊಳ್ಳಲು ಸ್ಟ್ರೈಗಾಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಜೋಳ, ಮೆಕ್ಕೆಜೋಳ, ಸಜ್ಜೆಗಳ ಬೇರಿಗಂಟುವ ಈ ಕಳೆಯಿಂದ ಆಫ್ರಿಕ ಖಂಡದ ರೈತರು ಅನುಭವಿಸುವ ನಷ್ಟ ಅಪಾರ. ನೆಲದ ಮೇಲೆ ಅದರ ಚಿಗುರು ಕಾಣಿಸುವ ಹೊತ್ತಿಗಾಗಲೇ ಬೆಳೆ ಕುಗ್ಗಿ ಬಾಡಿರುತ್ತದೆ. ಕಾರಣ ಕಾಣದೆ ಪೈರು ಒಣಗುವುದರಿಂದಲೇ ಇಂಗ್ಲಿಷಿನಲ್ಲಿ ಇದಕ್ಕೆ ಮಾಟಗಾತಿ ಕಳೆ ಎಂಬರ್ಥದ ಹೆಸರು ಬಂದಿರಬೇಕು. ಮೊಳೆತ ಮೊದಲ ವಾರಗಳಲ್ಲಿ ನೆಲದಡಿ ಬಿಳುಪಾಗಿಯೇ ಇದ್ದು ಎಲ್ಲವನ್ನೂ ಜೋಳದಿಂದಲೇ ಹೀರುವ ಇದು ಮೇಲೆದ್ದ ನಂತರವಷ್ಟೇ ಹಸಿರಾಗುತ್ತದೆ. ಅಂದರೆ ಮೊದಲು ಪೂರ್ಣ, ಆಮೇಲೆ ಅರೆ. ಆದರೆ ಅನಿವಾರ್ಯತೆಯ ಲೆಕ್ಕದಲ್ಲಿ ಕೊನೆಯವರೆಗೂ ಪೂರ್ಣ, ಏಕೆಂದರೆ ಆತಿಥೇಯ ಸಿಗದಿದ್ದರೆ ಮೊಳಕೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಅದು ಮಾಡುವ ಹಾನಿಯೂ ಕದ್ದ ರಸದ ಲೆಕ್ಕಕ್ಕೆ ಸರಿಹೊಂದುವುದಿಲ್ಲ. ಜೋಳದ ನಷ್ಟದಲ್ಲಿ ದೊಡ್ಡ ಪಾಲು ಬರುವುದು ಅದರ ದ್ಯುತಿಸಂಶ್ಲೇಷಣೆಯೇ ಕುಂಠಿತಗೊಳ್ಳುವುದರಿಂದ.

ಸ್ಟ್ರೈಗಾದ ಬೀಜ ಧೂಳಿನ ಕಣದಷ್ಟು ಸಣ್ಣದು, ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಒಂದು ಗಿಡ ಹತ್ತಾರು ಸಾವಿರ ಬೀಜಗಳನ್ನು ಉದುರಿಸುತ್ತದೆ, ಅವು ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಜೀವಂತವಾಗಿ ಕಾಯಬಲ್ಲವು. ಇಷ್ಟು ಸಣ್ಣ ಬೀಜದಲ್ಲಿ ಬೇರನ್ನು ಕೆಲವು ಮಿಲಿಮೀಟರ್ ಚಾಚುವಷ್ಟು ಬಂಡವಾಳ ಮಾತ್ರ ಇರುವುದರಿಂದ ಆತಿಥೇಯದ ಬೇರು ತೀರ ಹತ್ತಿರದಲ್ಲಿದೆ ಎಂಬ ಖಾತ್ರಿಯಿಲ್ಲದೆ ಮೊಳೆಯುವಂತಿಲ್ಲ. ಆ ಖಾತ್ರಿ ಕೊಡುವುದು ಬೇರು ಸ್ರವಿಸುವ ಒಂದು ರಾಸಾಯನಿಕ ಸಂಕೇತ. 1966ರಲ್ಲಿ ವಿಜ್ಞಾನಿಗಳು ಅಂಥ ವಸ್ತುವೊಂದನ್ನು ಮೊದಲ ಬಾರಿಗೆ ಬೇರ್ಪಡಿಸಿ ಸ್ಟ್ರೈಗಾಲ್ ಎಂದು ಹೆಸರಿಟ್ಟರು. ತಮಾಷೆಯೆಂದರೆ ಅದು ದೊರೆತದ್ದು ಹತ್ತಿಯ ಬೇರಿನಿಂದ, ಮತ್ತು ಹತ್ತಿ ಸ್ಟ್ರೈಗಾಕ್ಕೆ ಆತಿಥೇಯವೇ ಅಲ್ಲ. ಬೀಜವನ್ನು ಎಬ್ಬಿಸುತ್ತದೆ, ಆಶ್ರಯ ಕೊಡುವುದಿಲ್ಲ.

ತನ್ನನ್ನು ಹಾಳುಮಾಡುವ ಕಳೆಯನ್ನು ಎಬ್ಬಿಸುವ ವಸ್ತುವನ್ನು ಜೋಳ ಏಕೆ ಸುರಿಸುತ್ತದೆ ಎಂಬುದಕ್ಕೆ ಉತ್ತರ ದೊರೆಯಲು ಸುಮಾರು ನಲವತ್ತು ವರ್ಷ ಬೇಕಾಯಿತು. ಸ್ಟ್ರೈಗೊಲ್ಯಾಕ್ಟೋನ್ ಎಂದು ಈಗ ಕರೆಯಲಾಗುವ ಈ ವಸ್ತುಗಳು, ಮಣ್ಣಿನಿಂದ ರಂಜಕವನ್ನು ಒದಗಿಸಿಕೊಡುವ ಮೈಕೊರೈಜಾ ಶಿಲೀಂಧ್ರಗಳನ್ನು ಬೇರಿನ ಬಳಿಗೆ ಕರೆಯುವ ಕೂಗು ಎಂಬುದು 2005ರಲ್ಲಿ ತಿಳಿಯಿತು. ಅವೇ ವಸ್ತುಗಳು ಗಿಡದೊಳಗೆ ಕವಲೊಡೆಯುವುದನ್ನು ತಡೆಯುವ ಹಾರ್ಮೋನುಗಳೂ ಹೌದು ಎಂಬುದು 2008ರಲ್ಲಿ. ರಂಜಕದ ಕೊರತೆಯಿರುವ ಮಣ್ಣಿನಲ್ಲಿ ಗಿಡ ಹೆಚ್ಚು ಜೋರಾಗಿ ಕೂಗುತ್ತದೆ, ಮಿತ್ರನಿಗಾಗಿ ಕೂಗಿದ್ದನ್ನು ಕಳೆಯೂ ಕೇಳಿಸಿಕೊಳ್ಳುತ್ತದೆ. ಬಡ ಮಣ್ಣಿನಲ್ಲಿಯೇ ಸ್ಟ್ರೈಗಾದ ಹಾವಳಿ ಹೆಚ್ಚು ಎಂಬ ರೈತರ ಅನುಭವಕ್ಕೆ ಇದು ಕಾರಣ ಕೊಟ್ಟಿತು.

ಕೀಲಿ ತಿಳಿದ ಮೇಲೆ ಬೀಗವನ್ನು ಬಗೆಬಗೆಯಾಗಿ ತೆರೆಯಬಹುದು. 1956ರಲ್ಲಿ ಅಮೆರಿಕದ ಕ್ಯಾರೊಲಿನಾ ಪ್ರದೇಶದಲ್ಲಿ ಸ್ಟ್ರೈಗಾ ಪತ್ತೆಯಾದಾಗ ಅದನ್ನು ಹತ್ತಿಕ್ಕಲು ಬಳಸಿದ ಉಪಾಯಗಳಲ್ಲಿ ಒಂದು, ಬೆಳೆಯಿಲ್ಲದ ಹೊಲದ ಮಣ್ಣಿಗೆ ಎಥಿಲೀನ್ ಅನಿಲ ಹಾಯಿಸುವುದು. ಅನಿಲದಿಂದ ಮೊಳೆತ ಬೀಜಗಳು ಆತಿಥೇಯ ಸಿಗದೆ ಸಾಯುತ್ತವೆ. ಆತಿಥೇಯವಲ್ಲದ, ಆದರೆ ಬೀಜವನ್ನು ಎಬ್ಬಿಸುವ ಬೆಳೆಯನ್ನು ಸರದಿಯಲ್ಲಿ ಬೆಳೆಯುವುದು ಇದೇ ತತ್ವದ ಅಗ್ಗದ ರೂಪ. ಇಥಿಯೋಪಿಯ ಮೂಲದ ತಳಿ ವಿಜ್ಞಾನಿ ಗೆಬಿಸಾ ಎಜೆಟಾ ಸ್ಟ್ರೈಗಾ ನಿರೋಧಕ ಜೋಳದ ತಳಿಗಳನ್ನು ರೂಪಿಸಿದ್ದಕ್ಕಾಗಿ 2009ರ ವಿಶ್ವ ಆಹಾರ ಪ್ರಶಸ್ತಿ ಪಡೆದರು. ನಿರೋಧಕ ತಳಿಗಳಲ್ಲಿ ಕೆಲವು ಕೂಗುವುದನ್ನು ನಿಲ್ಲಿಸಿಲ್ಲ, ದನಿಯನ್ನು ಬದಲಿಸಿವೆ ಎಂಬುದು ಆಮೇಲೆ ತಿಳಿದುಬಂತು: ಅವು ಸ್ರವಿಸುವ ಸ್ಟ್ರೈಗೊಲ್ಯಾಕ್ಟೋನ್ ಬೇರೊಂದು ಬಗೆಯದು, ಅದು ಸ್ಟ್ರೈಗಾ ಬೀಜವನ್ನು ಎಬ್ಬಿಸುವುದರಲ್ಲಿ ದುರ್ಬಲ.

ಸ್ಟ್ರೈಗಾದಂತೆ ಪರಾವಲಂಬನೆ ಅನಿವಾರ್ಯವಾಗಿರುವವು ಒಂದು ಕಡೆಯಾದರೆ, ಇನ್ನೊಂದು ತುದಿಯಲ್ಲಿ ಅದು ಬರಿಯ ಸಾಧ್ಯತೆಯಾಗಿರುವವು ಇವೆ. ಅದೇ ಕುಟುಂಬದ ಕೆಲವು ಗಿಡಗಳು ಕುಂಡದಲ್ಲಿ ಒಂಟಿಯಾಗಿಯೂ ಹೂಬಿಟ್ಟು ಬೀಜ ಕಟ್ಟುತ್ತವೆ, ನೆರೆಯ ಬೇರು ಸಿಕ್ಕಿದರೆ ಮಾತ್ರ ಇನ್ನಷ್ಟು ಹುಲುಸಾಗುತ್ತವೆ. ಪ್ರಾಣಿಗಳಲ್ಲೂ ಈ ಐಚ್ಛಿಕ ಬಗೆ ಉಂಟು. ಅಮೆರಿಕದ ಕೂಟ್ ಎಂಬ ನೀರುಹಕ್ಕಿ ತನ್ನದೇ ಗೂಡು ಕಟ್ಟಿ ಮರಿ ಸಾಕುತ್ತದೆ, ಜೊತೆಗೆ ನೆರೆಯ ಕೂಟ್‌ಗಳ ಗೂಡಿನಲ್ಲೂ ಒಂದೆರಡು ಮೊಟ್ಟೆಯಿಟ್ಟು ಬರುತ್ತದೆ. ಗೂಡು ಕಟ್ಟುವುದನ್ನೇ ಬಿಟ್ಟಿರುವ ಕೋಗಿಲೆಯ ಸ್ಥಿತಿ ಅದರದಲ್ಲ. ಬೆಚ್ಚಗಿನ ಸಿಹಿನೀರಿನಲ್ಲಿ ಬ್ಯಾಕ್ಟೀರಿಯಗಳನ್ನು ತಿಂದು ಸ್ವತಂತ್ರವಾಗಿ ಬದುಕುವ ನೆಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಅಪರೂಪಕ್ಕೆ ಮೂಗಿನ ಮೂಲಕ ಮನುಷ್ಯನ ಮಿದುಳಿಗೆ ಹೊಕ್ಕು ಪ್ರಾಣಾಂತಿಕವಾಗುತ್ತದೆ. ಇದನ್ನೂ ಐಚ್ಛಿಕ ಪರಾವಲಂಬಿಗಳ ಸಾಲಿಗೆ ಸೇರಿಸುವುದು ರೂಢಿ. ನನಗೆ ಅದು ಅಷ್ಟು ಸರಿಯೆನಿಸುವುದಿಲ್ಲ. ಅಲ್ಲಿ ಅಮೀಬಾಕ್ಕೂ ಲಾಭವಿಲ್ಲ, ಮನುಷ್ಯನಿಂದ ಮನುಷ್ಯನಿಗೆ ಅದು ದಾಟುವುದೂ ಇಲ್ಲ. ಅದು ದಾರಿ ತಪ್ಪಿದ ಪ್ರಕರಣ, ಜೀವನಕ್ರಮವಲ್ಲ.

ಅರೆಪರಾವಲಂಬಿಗಳೆಂದರೆ ಕೇಡು ಮಾತ್ರ ಎಂಬ ಭಾವನೆ ಬೆಳೆಯ ಹೊಲದಿಂದ ಬಂದದ್ದು. ಕಾಡು ಹುಲ್ಲುಗಾವಲುಗಳ ಲೆಕ್ಕ ಬೇರೆ. ಯೂರೋಪಿನ ಹುಲ್ಲುಗಾವಲುಗಳಲ್ಲಿ ರೈನಾಂಥಸ್ ಎಂಬ ಹಳದಿ ಹೂವಿನ ಪುಟ್ಟ ಅರೆಪರಾವಲಂಬಿಯನ್ನು ಬೇಕೆಂದೇ ಬಿತ್ತುತ್ತಾರೆ, ಏಕೆಂದರೆ ಅದು ಬಲಿಷ್ಠ ಹುಲ್ಲುಗಳ ಶಕ್ತಿಯನ್ನು ಕುಗ್ಗಿಸಿ ಅವುಗಳ ನೆರಳಿನಲ್ಲಿ ಸೊರಗುತ್ತಿದ್ದ ಇತರ ಹೂಗಿಡಗಳಿಗೆ ಜಾಗ ಮಾಡಿಕೊಡುತ್ತದೆ. ಆಸ್ಟ್ರೇಲಿಯದ ಕಾಡುತುಣುಕುಗಳಲ್ಲಿ ಬದನಿಕೆಯನ್ನೆಲ್ಲ ಕಿತ್ತುಹಾಕಿ ನಡೆಸಿದ ಪ್ರಯೋಗವೊಂದರಲ್ಲಿ ಮೂರು ವರ್ಷಗಳ ನಂತರ ಕಾಡಿನ ಹಕ್ಕಿಗಳ ಪ್ರಭೇದಗಳು ಕಾಲುಭಾಗಕ್ಕೂ ಹೆಚ್ಚು ಕಡಿಮೆಯಾಗಿದ್ದವು. ಇಲ್ಲವಾದವುಗಳಲ್ಲಿ ಬದನಿಕೆಯ ಹಣ್ಣು ತಿನ್ನುವ ಹಕ್ಕಿಗಳಿಗಿಂತ ನೆಲದ ಮೇಲೆ ಹುಳು ಹೆಕ್ಕುವ ಹಕ್ಕಿಗಳೇ ಎದ್ದು ಕಂಡವು. ನೀರನ್ನು ಸೋಸಿ ಖನಿಜಗಳನ್ನು ಕೂಡಿಟ್ಟುಕೊಳ್ಳುವ ಬದನಿಕೆಯ ಎಲೆಗಳು ಉದುರಿದಾಗ ನೆಲಕ್ಕೆ ಬೀಳುವುದು ಸತ್ವಯುತ ಗೊಬ್ಬರ, ಆ ಗೊಬ್ಬರದಲ್ಲಿ ಹುಳುಹುಪ್ಪಟೆ ಹೆಚ್ಚು. ಆ ಕೊಂಡಿಯೇ ಕಳಚಿತ್ತು.

ಮೂರನೆಯದು ಕಾಲದಲ್ಲಿ ಅರೆಯಾಗಿರುವುದು. ಆರ್ಕಿಡ್‌ಗಳ ಬೀಜದಲ್ಲಿ ಆಹಾರ ಸಂಗ್ರಹವೇ ಇಲ್ಲ. ಯಾವ ಆರ್ಕಿಡ್ ಆದರೂ ಸರಿ, ನಿಸರ್ಗದಲ್ಲಿ ತನ್ನ ಬಾಳಿನ ಮೊದಲ ಹಂತವನ್ನು ಶಿಲೀಂಧ್ರವೊಂದರಿಂದ ಆಹಾರ ಹೀರಿಯೇ ಕಳೆಯುತ್ತದೆ. ಎಲೆ ಮೂಡಿದ ನಂತರ ಹೆಚ್ಚಿನವು ಸ್ವಾವಲಂಬಿಗಳಾಗುತ್ತವೆ, ಕೆಲವು ಹಸಿರಾಗಿದ್ದೂ ಹಳೆಯ ಅಭ್ಯಾಸವನ್ನು ಬಿಡುವುದಿಲ್ಲ. ಸೆಫಲಾಂಥೆರಾ ಎಂಬ ಆರ್ಕಿಡ್‌ನಲ್ಲಿ ಅಲ್ಲೊಂದು ಇಲ್ಲೊಂದು ಪತ್ರಹರಿತ್ತೇ ಇಲ್ಲದ ಬೆಳ್ಳನೆಯ ಗಿಡಗಳು ಬದುಕಿರುವುದು ಇದಕ್ಕೆ ಸಾಕ್ಷಿ. ಅವಕ್ಕೆ ಆಹಾರ ಕೊಡುವ ಶಿಲೀಂಧ್ರ ಪಕ್ಕದ ಮರದ ಬೇರಿಗೂ ಜೋಡಣೆಯಾಗಿರುವುದರಿಂದ ಕೊನೆಗೆ ಸಾಲ ಹೋಗುವುದು ಮರದ ಖಾತೆಗೇ.

ಸಿಹಿನೀರಿನ ಅನೇಕ ಕಪ್ಪೆಚಿಪ್ಪು ಜೀವಿಗಳ ಮರಿಗಳು ಕೆಲವು ವಾರ ಮೀನಿನ ಕಿವಿರಿಗೆ ಅಂಟಿಕೊಂಡು ಬೆಳೆದು, ಆಮೇಲೆ ಉದುರಿ ಹೊಳೆಯ ತಳದಲ್ಲಿ ನೀರು ಸೋಸುತ್ತ ವರ್ಷಗಟ್ಟಲೆ ಬದುಕುತ್ತವೆ. ಪರಾವಲಂಬಿ ಕಣಜಗಳು ಮರಿಯಾಗಿದ್ದಾಗ ಇನ್ನೊಂದು ಕೀಟದ ಒಡಲನ್ನು ತಿಂದು ಮುಗಿಸಿ, ಪ್ರೌಢವಾದ ಮೇಲೆ ಮಕರಂದ ಹೀರುತ್ತವೆ. ಸ್ಟ್ರಾಂಗಿಲಾಯ್ಡಿಸ್ ಎಂಬ ದುಂಡುಹುಳುವಿನಲ್ಲಂತೂ ತಲೆಮಾರುಗಳೇ ಬದಲಾಗುತ್ತವೆ: ಕರುಳಿನಲ್ಲಿ ಬದುಕುವ ತಾಯಿಯ ಸಂತತಿಯಲ್ಲಿ ಕೆಲವು ನೇರವಾಗಿ ಸೋಂಕು ತರುವ ಮರಿಗಳಾದರೆ, ಇನ್ನು ಕೆಲವು ಮಣ್ಣಿನಲ್ಲಿ ಬೆಳೆದು, ಅಲ್ಲೇ ಕೂಡಿ, ಒಂದು ಸ್ವತಂತ್ರ ತಲೆಮಾರನ್ನು ಕಳೆದು ಮತ್ತೆ ಸೋಂಕಿನ ಮರಿಗಳನ್ನು ಹೆರುತ್ತವೆ.

ಇಷ್ಟೆಲ್ಲ ಓದಿದವರಿಗೆ ಅರೆಪರಾವಲಂಬನೆ ಎಂದರೆ ಪೂರ್ಣ ಪರಾವಲಂಬನೆಗೆ ಹೋಗುವ ದಾರಿಯ ನಡುವಿನ ತಂಗುದಾಣ ಎಂಬ ಊಹೆ ಬರುವುದು ಸಹಜ. ಸ್ಟ್ರೈಗಾ ಸೇರಿದ ಒರೊಬ್ಯಾಂಕೇಸಿ ಕುಟುಂಬದಲ್ಲಿ ಪೂರ್ಣ ಸ್ವಾವಲಂಬಿಗಳಿಂದ ಹಿಡಿದು ಎಲೆಯನ್ನೇ ಬಿಟ್ಟುಕೊಟ್ಟ ಪೂರ್ಣ ಪರಾವಲಂಬಿಗಳವರೆಗೆ ಎಲ್ಲ ಮೆಟ್ಟಿಲುಗಳೂ ಸಿಗುವುದರಿಂದ ಆ ಊಹೆಗೆ ಬಲವೂ ಇದೆ. ದಾರಿಯ ಕೊನೆಯಲ್ಲಿ ಎಲೆ, ಕಾಂಡಗಳೇ ಇಲ್ಲದ ಪೂರ್ಣ ಪರಾವಲಂಬಿ ರಫ್ಲೇಸಿಯ ಇದೆ. ಅದರ ಒಂದು ಪ್ರಭೇದದಲ್ಲಿ, ದ್ಯುತಿಸಂಶ್ಲೇಷಣೆ ನಡೆಯುವ ಹರಿತ್ಕಣದ ಜೀನೋಮನ್ನು (ಆನುವಂಶಿಕ ಮಾಹಿತಿಯ ಕಟ್ಟನ್ನು) ಹುಡುಕಿದವರಿಗೆ 2014ರಲ್ಲಿ ಅದು ಸಿಗಲೇ ಇಲ್ಲ. ಆದರೆ ಹೂಬಿಡುವ ಸಸ್ಯಗಳಲ್ಲಿ ಪರಾವಲಂಬನೆ ಸುಮಾರು 12 ಬಾರಿ ಸ್ವತಂತ್ರವಾಗಿ ಹುಟ್ಟಿಯೂ, ಬದನಿಕೆ, ಶ್ರೀಗಂಧಗಳ ಬಳಗದಂಥ ದೊಡ್ಡ ಗುಂಪುಗಳಲ್ಲಿ ಬಹುಪಾಲು ಪ್ರಭೇದಗಳು ಕೋಟ್ಯಂತರ ವರ್ಷಗಳಿಂದ ಹಸಿರಾಗಿಯೇ ಉಳಿದಿವೆ. ಕ್ಸೈಲಂ ರಸ ಸುಲಭವಾಗಿ ಸಿಗುತ್ತದೆ, ಆತಿಥೇಯ ಯಾವುದಾದರೂ ನಡೆಯುತ್ತದೆ, ಸಕ್ಕರೆಯ ಪೂರೈಕೆ ನಿಂತರೂ ಕೈಯಲ್ಲಿ ಎಲೆಯಿದೆ. ಇಂಥ ಬದುಕು ಯಾವುದರ ಪೂರ್ವಸಿದ್ಧತೆಯೂ ಆಗಬೇಕಿಲ್ಲ. ನೋಟವನ್ನು ನಂಬಿ ಮೆಟ್ಟಿಲು ಎಣಿಸುವುದೂ ಅಪಾಯ. ಎಲೆಯಿಲ್ಲದ, ದಾರದಂಥ ಬಳ್ಳಿಗಳಾದ ಕಸ್ಕ್ಯೂಟ ಮತ್ತು ಕ್ಯಾಸಿತಾ ಕಣ್ಣಿಗೆ ಒಂದೇ ತೆರನಾಗಿ ಕಂಡರೂ ಮೊದಲನೆಯದು ಗೆಣಸಿನ ಕುಟುಂಬದ, ಬಹುತೇಕ ಪೂರ್ಣ ಪರಾವಲಂಬಿ. ಎರಡನೆಯದು ದಾಲ್ಚಿನ್ನಿಯ ಕುಟುಂಬದ, ಹಸಿರು ಕಾಂಡದಲ್ಲಿ ಅಡುಗೆ ಮಾಡಿಕೊಳ್ಳುವ ಅರೆಪರಾವಲಂಬಿ.

ದಾರಿ ಒಂದೇ ದಿಕ್ಕಿನದೂ ಅಲ್ಲ ಎಂಬುದಕ್ಕೆ ಲ್ಯಾಂಪ್ರೇಗಳನ್ನು ನೋಡಬೇಕು. ದವಡೆಯಿಲ್ಲದ, ಹಾವುಮೀನಿನಂತೆ ಕಾಣುವ ಈ ಜೀವಿಗಳ ಮರಿಗಳು ತೊರೆಯ ಕೆಸರಿನಲ್ಲಿ ಹುದುಗಿ ವರ್ಷಗಟ್ಟಲೆ ನೀರು ಸೋಸಿ ತಿನ್ನುತ್ತವೆ. ಸಮುದ್ರ ಲ್ಯಾಂಪ್ರೇ ಆಮೇಲೆ ರೂಪಾಂತರಗೊಂಡು, ದುಂಡು ಬಾಯಿಯ ತುಂಬ ಹಲ್ಲು ಮೂಡಿಸಿಕೊಂಡು, ಒಂದೆರಡು ವರ್ಷ ಮೀನುಗಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ, ಬಳಿಕ ತೊರೆಗೆ ಮರಳಿ ಮೊಟ್ಟೆಯಿಟ್ಟು ಸಾಯುತ್ತದೆ. ಕಾಲುವೆಗಳ ಮೂಲಕ ಉತ್ತರ ಅಮೆರಿಕದ ಮಹಾಸರೋವರಗಳಿಗೆ ಹಬ್ಬಿ ಅಲ್ಲಿನ ಮೀನುಗಾರಿಕೆಯನ್ನೇ ಕಂಗೆಡಿಸಿದ್ದು ಇದೇ; ಅದನ್ನು 1958ರಿಂದ ಇಂದಿನವರೆಗೆ ಹದ್ದುಬಸ್ತಿನಲ್ಲಿಟ್ಟಿರುವ ರಾಸಾಯನಿಕವನ್ನು ಹಾಕುವುದು ಸರೋವರಕ್ಕಲ್ಲ, ಇನ್ನೂ ನಿರುಪದ್ರವಿಗಳಾಗಿರುವ ಮರಿಗಳು ವಾಸಿಸುವ ತೊರೆಗಳಿಗೆ. ಯೂರೋಪಿನ ತೊರೆಗಳಲ್ಲಿ ಲ್ಯಾಂಪ್ರೇಗಳ ಒಂದು ವಿಚಿತ್ರ ಜೋಡಿಯಿದೆ. ನದಿ ಲ್ಯಾಂಪ್ರೇ ಬೆಳೆದು ಕಡಲಂಚಿಗೆ ಹೋಗಿ ಮೀನುಗಳ ಮೇಲೆ ಬದುಕಿ ಮರಳುತ್ತದೆ. ಅದರ ಅತಿ ಹತ್ತಿರದ ಬಂಧುವಾದ ತೊರೆ ಲ್ಯಾಂಪ್ರೇ ಪರಾವಲಂಬನೆಯ ಹಂತವನ್ನೇ ಕೈಬಿಟ್ಟಿದೆ: ರೂಪಾಂತರವಾದ ಮೇಲೆ ಏನನ್ನೂ ತಿನ್ನದೆ, ನದಿ ಲ್ಯಾಂಪ್ರೇಯ ಅರ್ಧದಷ್ಟು ಗಾತ್ರದಲ್ಲೇ ಮೊಟ್ಟೆಯಿಟ್ಟು ಸಾಯುತ್ತದೆ. ಕೆಸರಿನಲ್ಲಿ ಹುದುಗಿರುವ ಎರಡರ ಮರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೂ, ಮುಂದೆ ಮೀನಿನ ರಕ್ತ ಹೀರುವುದು ಯಾವುದು, ಏನನ್ನೂ ಮುಟ್ಟದಿರುವುದು ಯಾವುದು ಎಂದು ನೋಟದಿಂದ ಹೇಳಲು ಬರುವುದಿಲ್ಲ.